ಯೆಲ್ಲೋ ಪರ್ಚ್ ಮೀನನ್ನು ವರ್ಷವಿಡೀ ಹಿಡಿಯಬಹುದಾ?
ಹಿಡಿಯಬಹುದು, ಆದರೆ ಮೀನು ಇರುವ ಜಾಗ ಬದಲಾಗುತ್ತಿರುತ್ತದೆ. ಅಮೆರಿಕ, ಕೆನಡಾ ನಡುವಿನ ಈರಿ ಸರೋವರವನ್ನೇ ತಗೊಳ್ಳಿ. ವಸಂತದಲ್ಲಿ ನೀರು 7ರಿಂದ 11 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಪರ್ಚ್ ಮೊಟ್ಟೆಯಿಡಲು ದಡದ ಹತ್ತಿರ ಬರುತ್ತದೆ. ಮೊಟ್ಟೆಗಳು ಲೋಳೆಯ ರಿಬ್ಬನ್ನಿನ ಹಾಗೆ ನೀರುಗಿಡಗಳಿಗೆ ಜೋತುಬಿದ್ದಿರುತ್ತವೆ. ಬೇಸಿಗೆಯಲ್ಲಿ ತಂಪು ಹುಡುಕಿ ಆಳಕ್ಕಿಳಿಯುತ್ತದೆ.

ನನ್ನ ಕೇಳಿದ್ರೆ ಸೆಪ್ಟೆಂಬರ್, ಅಕ್ಟೋಬರೇ ಒಳ್ಳೆಯ ಕಾಲ. ದೊಡ್ಡ ದೊಡ್ಡ ಗುಂಪು ಸಿಗುತ್ತವೆ. ಗಾಳಕ್ಕೆ ಎರೆಯಾಗಿ ಶೈನರ್ ಅನ್ನೋ ಪುಟ್ಟ ಮೀನು ಸಿಕ್ಕಿಸಿ, ತಳದಿಂದ ಒಂದಡಿ ಮೇಲೆ ಬಿಡಿ. ಕಚ್ಚಿದಾಗ ದಾರ ಸುಮ್ನೆ ಒಮ್ಮೆ ಅದುರುತ್ತದೆ, ಅಷ್ಟೇ.

ಚಳಿಗಾಲದಲ್ಲಿ ಮಂಜುಗಡ್ಡೆ ಕೊರೆದು ಹಿಡಿಯುತ್ತಾರೆ. ಗಡ್ಡೆ ಕನಿಷ್ಠ 4 ಇಂಚು ದಪ್ಪ ಇರಲೇಬೇಕು. ರಾತ್ರಿ ಕಾಯಬೇಡಿ, ಪರ್ಚ್ ಹಗಲಲ್ಲೇ ಮೇಯುವ ಮೀನು. ಮೀನು ಹಿಡಿಯುವ ಲೈಸೆನ್ಸ್, ದಿನಕ್ಕೆ ಎಷ್ಟು ಮೀನು ಹಿಡಿಯಬಹುದು ಅನ್ನೋ ಮಿತಿ ಮೊದಲೇ ನೋಡಿಕೊಳ್ಳಿ.