ಹದಿನಾಲ್ಕು ದಿನ ಸೈಟು, ಏಳು ದಿನ ಮನೆ: ಕ್ಯಾಲ್ಗರಿಯಲ್ಲಿ ಬೇಸಗೆ ರಜೆಯನ್ನು ಹೇಗೆ ಹೊಂದಿಸುವುದು?

ಪ್ರಶ್ನೆ: ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಕ್ಯಾಲ್ಗರಿಗೆ ಬಂದು ಒಂದು ಚಳಿಗಾಲ ಕಳೆದಿದೆ. ಗಂಡನಿಗೆ ದೂರದ ಫೋರ್ಟ್ ಮೆಕ್‌ಮರ್ರಿ ಕಡೆಯ ಸೈಟಿನಲ್ಲಿ ಕೆಲಸ. ಹದಿನಾಲ್ಕು ದಿನ ಅಲ್ಲಿ, ಏಳು ದಿನ ಮನೆಯಲ್ಲಿ. ಮಕ್ಕಳಿಗೆ ಒಂಬತ್ತು ಮತ್ತು ಐದು ವರ್ಷ. ಜೂನ್ ಕೊನೆಗೆ ಶಿವಮೊಗ್ಗದಿಂದ ಅತ್ತೆ, ಮಾವ ಬರುತ್ತಾರೆ. ಅತ್ತೆಗೆ ಮಂಡಿನೋವು. ನನಗೆ ಲೈಸೆನ್ಸ್ ಸಿಕ್ಕಿದೆ, ಆದರೆ ಹೆದ್ದಾರಿ ಅಷ್ಟಾಗಿ ರೂಢಿಯಿಲ್ಲ. ಬ್ಯಾನ್ಫ್, ಜ್ಯಾಸ್ಪರ್, ವ್ಯಾಂಕೂವರ್, ನಯಾಗರ ನಾಲ್ಕನ್ನೂ ಈ ಬೇಸಗೆಯಲ್ಲೇ ತೋರಿಸಬಹುದೇ?

ಉತ್ತರ:

ನಾಲ್ಕೂ ಆಗುವುದಿಲ್ಲ, ಎರಡು ಆಗುತ್ತವೆ. ನಯಾಗರವನ್ನು ಈಗಲೇ ಪಟ್ಟಿಯಿಂದ ಹೊಡೆದುಹಾಕಿ. ಇಲ್ಲಿಂದ ಟೊರಾಂಟೊಗೆ ವಿಮಾನದಲ್ಲೇ ಹತ್ತಿರ ಹತ್ತಿರ ನಾಲ್ಕು ಗಂಟೆ, ಅಲ್ಲಿಂದ ರಸ್ತೆಯಲ್ಲಿ ಇನ್ನೂ 130 ಕಿಲೋಮೀಟರ್. ಆರು ಜನರ ಟಿಕೆಟ್ಟಿಗೆ ಸುರಿಯುವ ದುಡ್ಡಿನಲ್ಲಿ ಇಲ್ಲಿ ಇಡೀ ಬೇಸಗೆ ಸುತ್ತಬಹುದು. ಹಿರಿಯರು ಊರಿಗೆ ಹಿಂದಿರುಗುವ ವಿಮಾನ ಟೊರಾಂಟೊ ಮೂಲಕ ಹೋಗುವುದಾದರೆ, ಅಲ್ಲಿ ನಿಮ್ಮವರು ಯಾರಾದರೂ ಇದ್ದರೆ, ಎರಡು ದಿನ ಅವರ ಮನೆಯಲ್ಲಿ ಇಳಿದು ಜಲಪಾತ ನೋಡಿಕೊಂಡು ಹೋಗಲಿ. ವ್ಯಾಂಕೂವರ್ ನಕ್ಷೆಯಲ್ಲಿ ಪಕ್ಕದ ಪ್ರಾಂತ್ಯದಲ್ಲಿದೆ, ರಸ್ತೆಯಲ್ಲಿ 970 ಕಿಲೋಮೀಟರ್ ಆಸುಪಾಸು, ನಡುವೆ ರಾಜರ್ಸ್ ಪಾಸ್‌ನಂಥ ಘಟ್ಟದ ದಾರಿ. ಮಂಡಿನೋವಿನವರನ್ನು ಕೂರಿಸಿಕೊಂಡು ಹೋಗಲು ಎರಡು ದಿನ, ಬರಲು ಎರಡು ದಿನ ಎಂದರೆ ನಿಮ್ಮ ಯಜಮಾನರ ಏಳು ದಿನಗಳಲ್ಲಿ ಉಳಿಯುವುದೇನು?

ನಾನೂ ಅದೇ ಹದಿನಾಲ್ಕು-ಏಳರ ಪಾಳಿಯವನು, ಹಾಗಾಗಿ ಊರುಗಳ ಹೆಸರಿಗಿಂತ ಮುಂಚೆ ಕ್ಯಾಲೆಂಡರಿನ ಮಾತು ಹೇಳುತ್ತೇನೆ. ಜೂನ್ ಕೊನೆಗೆ ಶಾಲೆ ಮುಚ್ಚುವುದರಿಂದ ಹಿಡಿದು ಮತ್ತೆ ತೆರೆಯುವವರೆಗೆ ನಿಮ್ಮ ಯಜಮಾನರು ಮನೆಯಲ್ಲಿರುವ ವಾರಗಳನ್ನು ಗುರುತು ಹಾಕಿ. ಮೂರು ಸಿಗುತ್ತವೆ, ಅಷ್ಟೇ. ಆ ಏಳು ದಿನಗಳಲ್ಲೂ ಮೊದಲನೆಯದು ನಿಮ್ಮದಲ್ಲ. ದಿನಕ್ಕೆ ಹನ್ನೆರಡು ಗಂಟೆ ದುಡಿದು ಕ್ಯಾಂಪಿನಿಂದ ಬಂದವನಿಗೆ ಬೇಕಾಗಿರುವುದು ಸಾರು-ಅನ್ನ ಮತ್ತು ಕತ್ತಲೆ ಕೋಣೆ. ರಾತ್ರಿ ಪಾಳಿ ಮುಗಿಸಿ ಬಂದಿದ್ದರೆ ಎರಡನೆಯ ದಿನವೂ ಹಾಗೆಯೇ ಹೋಗುತ್ತದೆ. ವಿಮಾನ ಇಳಿದ ದಿನವೇ ಅವರ ಕೈಗೆ ಸ್ಟೀರಿಂಗ್ ಕೊಟ್ಟು ಬೆಟ್ಟದ ಕಡೆ ಹೊರಡಿಸಬೇಡಿ. ಅದು ದಣಿವಿನ ಮಾತಲ್ಲ, ಸುರಕ್ಷತೆಯ ಮಾತು. ಕೊನೆಯ ದಿನ ಬಟ್ಟೆ ಒಗೆಯುವುದಕ್ಕೆ, ಬ್ಯಾಗು ಕಟ್ಟುವುದಕ್ಕೆ ಹೋಗುತ್ತದೆ. ನಡುವೆ ಉಳಿದದ್ದರಲ್ಲಿ ಎರಡು ರಾತ್ರಿಯ ಪ್ರವಾಸ ಆರಾಮವಾಗಿ ಹಿಡಿಸುತ್ತದೆ, ಮೂರು ರಾತ್ರಿ ಸ್ವಲ್ಪ ಬಿಗಿ.

ಆದರೂ ಬೇಸಗೆಯ ಮಟ್ಟಿಗೆ ಈ ಪಾಳಿ ವರವೇ ಸರಿ. ಉಳಿದವರೆಲ್ಲ ಬೆಟ್ಟಕ್ಕೆ ನುಗ್ಗುವುದು ಶನಿವಾರ, ಭಾನುವಾರ. ಕೆನಡಾ ಡೇ, ಆಗಸ್ಟಿನ ಹೆರಿಟೇಜ್ ಡೇ, ಲೇಬರ್ ಡೇಗಳ ಉದ್ದ ವಾರಾಂತ್ಯದಲ್ಲಂತೂ ಬ್ಯಾನ್ಫ್ ಪಟ್ಟಣದಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವುದೇ ಒಂದು ಪ್ರವಾಸ. ನಿಮಗೆ ಮಂಗಳವಾರ, ಬುಧವಾರಗಳು ಸಿಗುತ್ತವೆ. ಬೆಟ್ಟಗಳನ್ನೆಲ್ಲ ವಾರದ ದಿನಗಳಿಗೆ ಇಟ್ಟುಕೊಳ್ಳಿ, ವಾರಾಂತ್ಯವನ್ನು ಊರೊಳಗೆ ಕಳೆಯಿರಿ. ನನ್ನ ಉತ್ತರದ ತಿರುಳು ಇದೇ.

ಬ್ಯಾನ್ಫ್‌ಗೆ ಇಲ್ಲಿಂದ ಸುಮಾರು ಒಂದೂವರೆ ಗಂಟೆ. 1885ರಲ್ಲಿ ಅಲ್ಲಿನ ಬಿಸಿನೀರಿನ ಬುಗ್ಗೆಗಳ ಸುತ್ತ ಕಾಯ್ದಿಟ್ಟ ತುಂಡು ಭೂಮಿಯೇ ಬೆಳೆದು ಈ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಅತ್ತೆಯವರಿಗೆ ಸಲ್ಫರ್ ಮೌಂಟನ್‌ನ ಗೊಂಡೋಲ, ಅಂದರೆ ರೋಪ್‌ವೇ, ಸರಿಹೋಗುತ್ತದೆ: ಎಂಟು ನಿಮಿಷದಲ್ಲಿ 2,281 ಮೀಟರ್ ಎತ್ತರಕ್ಕೆ ಏರಿಸುತ್ತದೆ, ಮೇಲೆ ಕಟ್ಟಡದ ಜಗಲಿಯಿಂದಲೇ ಆರು ಬೆಟ್ಟಸಾಲುಗಳು ಕಾಣುತ್ತವೆ. ಟಿಕೆಟ್ಟಿನ ಬೆಲೆ ಕೇಳಿದರೆ ಮಾವನವರು ರೂಪಾಯಿಗೆ ಲೆಕ್ಕ ಹಾಕುತ್ತಾರೆ, ಹೇಳಬೇಡಿ.

ಬ್ಯಾನ್ಫ್ ಉದ್ಯಾನದ ಸರೋವರಗಳಾದ ಲೇಕ್ ಲೂಯಿಸ್ ಮತ್ತು ಮೊರೇನ್ ಲೇಕ್ ಎರಡಕ್ಕೂ ಸ್ವಂತ ಕಾರಿನ ಆಸೆ ಬಿಡಿ. ಮೊರೇನ್ ಲೇಕ್ ರಸ್ತೆಗೆ 2023ರಿಂದ ಖಾಸಗಿ ಕಾರುಗಳನ್ನು ಬಿಡುತ್ತಿಲ್ಲ. ಲೇಕ್ ಲೂಯಿಸ್‌ನ ಪಾರ್ಕಿಂಗ್ ಬೇಸಗೆಯಲ್ಲಿ ಬೆಳ್ಳಂಬೆಳಿಗ್ಗೆಯೇ ತುಂಬಿರುತ್ತದೆ, ಶುಲ್ಕವೂ ಜಾಸ್ತಿ. ಪಾರ್ಕ್ಸ್ ಕೆನಡಾದ ಶಟಲ್ ಬಸ್ಸಿಗೆ ಸೀಟು ಕಾಯ್ದಿರಿಸಿ. ಸೀಟುಗಳ ಒಂದು ಪಾಲನ್ನು ಏಪ್ರಿಲ್‌ನಲ್ಲಿ ಬಿಡುತ್ತಾರೆ, ಉಳಿದದ್ದನ್ನು ಹೊರಡುವ ದಿನಕ್ಕೆ ಎರಡು ದಿನ ಮುಂಚೆ ಬೆಳಿಗ್ಗೆ 8 ಗಂಟೆಗೆ. ಏಪ್ರಿಲ್ ಪಾಲು ತಪ್ಪಿತೆಂದು ಜನ ಪೇಚಾಡುತ್ತಾರೆ. ಪಾಳಿಯ ಮನೆಯವರಿಗೆ ಎರಡನೆಯದೇ ಅನುಕೂಲ. ಆ ಹೊತ್ತಿಗೆ ಮಳೆ ಇದೆಯೋ ಇಲ್ಲವೋ, ಮನೆಯವರು ನಿಜವಾಗಿ ಬಂದಿಳಿದರೋ ಇಲ್ಲವೋ ಗೊತ್ತಾಗಿರುತ್ತದೆ. ಎಂಟಕ್ಕೆ ಹತ್ತು ನಿಮಿಷ ಮುಂಚೆಯೇ ಖಾತೆಗೆ ಲಾಗಿನ್ ಆಗಿ ಕುಳಿತಿರಿ. ಪರದೆಯ ಮೇಲೆ ನಿಮ್ಮ ಸರತಿ ಬರುತ್ತದೆ, ಮುಂದೆ ಎಷ್ಟು ಜನರಿದ್ದರೂ ಪುಟವನ್ನು ಮುಟ್ಟದೆ ಕಾಯಿರಿ. ಮೊರೇನ್‌ಗೆ ಬುಕ್ ಮಾಡಿ, ಅಲ್ಲಿಂದ ಲೇಕ್ ಲೂಯಿಸ್‌ಗೆ ಹೋಗುವ ಸಂಪರ್ಕ ಬಸ್ಸು ಅದೇ ಟಿಕೆಟ್ಟಿನಲ್ಲಿ ಸೇರಿರುತ್ತದೆ. ಮೊರೇನ್‌ನಲ್ಲಿ ಎಲ್ಲರೂ ಫೋಟೊ ತೆಗೆಯುವ ಕಲ್ಲುಗುಡ್ಡೆಗೆ ಮೆಟ್ಟಿಲು ಹತ್ತಬೇಕು, ಅತ್ತೆಯವರು ದಡದಲ್ಲೇ ಕೂರಲಿ. ಲೇಕ್ ಲೂಯಿಸ್‌ನ ದಡದ ದಾರಿ ಸಮತಟ್ಟು, ಅಲ್ಲಿ ಅವರೂ ಮಾವನವರ ತೋಳು ಹಿಡಿದು ನಡೆಯಬಹುದು.

ಒಂದು ಮಾತು: ಯಾರಾದರೂ ಮೇ ತಿಂಗಳಲ್ಲಿ ಬಂದರೆ ಈ ಸರೋವರಗಳಿಗೆ ಕರೆದೊಯ್ಯಬೇಡಿ. ಜೂನ್ ಹತ್ತಿರವಾಗುವವರೆಗೂ ಅವು ಹೆಪ್ಪುಗಟ್ಟಿಯೇ ಇರುತ್ತವೆ. ಹಿಮನದಿ ಬಂಡೆಯನ್ನು ಅರೆದು ತರುವ ನುಣ್ಣನೆಯ ಹುಡಿ ಕರಗಿದ ನೀರಿನಲ್ಲಿ ತೇಲಿದಾಗ ಮಾತ್ರ ಆ ಹಸಿರುನೀಲಿ ಬರುವುದು. ಜುಲೈ ಅದಕ್ಕೆ ಹೇಳಿ ಮಾಡಿಸಿದ ತಿಂಗಳು.

ಜ್ಯಾಸ್ಪರ್ ವಿಷಯಕ್ಕೆ ಬಂದರೆ, ನನ್ನ ಪಾಲಿಗೆ ಜ್ಯಾಸ್ಪರ್ ಎಂದರೆ ಅಲ್ಲಿಗೆ ಹೋಗುವ ರಸ್ತೆ. ಲೇಕ್ ಲೂಯಿಸ್‌ನಿಂದ ಜ್ಯಾಸ್ಪರ್‌ವರೆಗಿನ ಐಸ್‌ಫೀಲ್ಡ್ಸ್ ಪಾರ್ಕ್‌ವೇ 232 ಕಿಲೋಮೀಟರ್ ಉದ್ದ. ದಾರಿಯ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಪೆಟ್ರೋಲ್ ನಡುವೆ ಸಸ್ಕಾಚವನ್ ಕ್ರಾಸಿಂಗ್‌ನಲ್ಲಿ ಮಾತ್ರ, ಅದೂ ದುಬಾರಿ. ಲೇಕ್ ಲೂಯಿಸ್‌ನಲ್ಲೇ ಟ್ಯಾಂಕು ತುಂಬಿಸಿ, ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ಸುಮಾರು ಅರ್ಧ ದಾರಿಯಲ್ಲಿ ಅಥಬಾಸ್ಕ ಹಿಮನದಿ. ಅದರ ತುದಿಯತ್ತ ಹೋಗುವ ಹಾದಿಯಲ್ಲಿ ಯಾವ ವರ್ಷ ಮಂಜು ಎಲ್ಲಿಯವರೆಗೆ ಇತ್ತೆಂದು ಇಸವಿ ಬರೆದ ಫಲಕಗಳನ್ನು ನೆಟ್ಟಿದ್ದಾರೆ. ನೂರಿಪ್ಪತ್ತೈದು ವರ್ಷಗಳಲ್ಲಿ ಅದು ಒಂದೂವರೆ ಕಿಲೋಮೀಟರಿನಷ್ಟು ಹಿಂದೆ ಸರಿದಿದೆ. ನಮ್ಮ ಮಗಳು ತನ್ನ ಹುಟ್ಟಿದ ಇಸವಿಯ ಫಲಕ ಎಲ್ಲಿ ಎಂದು ಹುಡುಕಿಕೊಂಡು ಮುಂದೆ ಮುಂದೆ ಓಡಿದಳು. ಯಾವ ಪಾಠವೂ ಅವಳಿಗೆ ಅಷ್ಟು ಹಿಡಿಸಿರಲಿಲ್ಲ. ಮಂಜಿನ ಮೇಲೆ ನೀವಾಗಿ ಕಾಲಿಡಬೇಡಿ, ಮೇಲೆ ಗಟ್ಟಿ ಕಂಡರೂ ಒಳಗೆ ಆಳದ ಬಿರುಕುಗಳಿರುತ್ತವೆ. ಜುಲೈ ಬಿಸಿಲಿನಲ್ಲೂ ಅಲ್ಲಿ ಬೀಸುವ ಗಾಳಿಗೆ ಸ್ವೆಟರ್ ಸಾಲದು, ಜಾಕೆಟ್ಟು ಬೇಕು. ಜ್ಯಾಸ್ಪರ್ ಪಟ್ಟಣದಲ್ಲಿ 2024ರ ಜುಲೈ ಕಾಡ್ಗಿಚ್ಚಿಗೆ ಮೂರನೇ ಒಂದರಷ್ಟು ಕಟ್ಟಡಗಳು ಸುಟ್ಟುಹೋದವು. ಅಂಗಡಿ, ಹೋಟೆಲುಗಳು ಮತ್ತೆ ತೆರೆದಿವೆ, ಕೋಣೆಗಳು ಮಾತ್ರ ಬೇಗ ತುಂಬುತ್ತವೆ. ಸಿಕ್ಕರೆ ಒಂದು ರಾತ್ರಿ ಉಳಿಯಿರಿ. ಸಿಗದಿದ್ದರೆ ಹಿಮನದಿ ನೋಡಿ ಹಿಂದಿರುಗಿದರೂ ನಷ್ಟವಿಲ್ಲ.

ಇನ್ನು ಅವರು ಸೈಟಿನಲ್ಲಿರುವ ವಾರಗಳು. ಇದರ ಬಗ್ಗೆ ನನಗಿಂತ ನನ್ನ ಹೆಂಡತಿಗೆ ಹೆಚ್ಚು ಗೊತ್ತು, ಪಕ್ಕದಲ್ಲಿ ಕುಳಿತು ಹೇಳುತ್ತಿದ್ದಾಳೆ.

ಹೆದ್ದಾರಿಯ ರೂಢಿಗೆ ಕಣಿವೆಯ ಊರಾದ ಡ್ರಮ್‌ಹೆಲ್ಲರ್ ಒಳ್ಳೆಯದು ಎನ್ನುತ್ತಾಳೆ. ಸುಮಾರು 135 ಕಿಲೋಮೀಟರ್, ಗೋಧಿ ಮತ್ತು ಕನೋಲ (ಎಣ್ಣೆಕಾಳು) ಹೊಲಗಳ ನಡುವೆ ನೇರವಾದ ದಾರಿ, ಘಟ್ಟವಿಲ್ಲ. ಜುಲೈನಲ್ಲಿ ಕನೋಲ ಹಳದಿ ಹೂ ಬಿಟ್ಟಿರುತ್ತದೆ. ಮಾವನವರು ಕೃಷಿಯ ಕಡೆಯವರಾಗಿದ್ದರೆ ಕಾರು ನಿಲ್ಲಿಸು ಎನ್ನುವುದು ಖಂಡಿತ. ಕಲ್ಲಿದ್ದಲಿನ ಹುಡುಕಾಟದಲ್ಲಿ ಬಂದ ಜೋಸೆಫ್ ಟೈರೆಲ್ 1884ರಲ್ಲಿ ಈ ಕಣಿವೆಯಲ್ಲಿ ಡೈನೊಸಾರ್ ತಲೆಬುರುಡೆ ಕಂಡ, ಅವನ ಹೆಸರಿನ ಮ್ಯೂಸಿಯಂ ಇದೆ. ಒಳಗೆ ತಂಪು, ನೆಲ ಸಮ. ಐದು ವರ್ಷದ ಮಗುವಿಗೂ ಅತ್ತೆಯವರಿಗೂ ಒಟ್ಟಿಗೆ ಹೊಂದುವ ಜಾಗ ಇಷ್ಟು ಚೆನ್ನಾಗಿ ಇನ್ನೊಂದಿಲ್ಲ. ಹೊರಗಿನ ಕಣಿವೆ ಮಧ್ಯಾಹ್ನ ಸುಡುತ್ತದೆ, ಆದ್ದರಿಂದ ಬೆಳಿಗ್ಗೆಯೇ ಹೋಗಿ.

ಬೆಟ್ಟ ಬೇಕೆನಿಸಿದರೆ ಕನನಾಸ್ಕಿಸ್‌ನ ಬ್ಯಾರಿಯರ್ ಲೇಕ್, ಒಂದು ಗಂಟೆಯ ದಾರಿ. ಬ್ಯಾನ್ಫ್, ಜ್ಯಾಸ್ಪರ್‌ಗೆ ನಡೆಯುವ ರಾಷ್ಟ್ರೀಯ ಉದ್ಯಾನದ ಪಾಸು ಅಲ್ಲಿ ನಡೆಯುವುದಿಲ್ಲ. ಪ್ರಾಂತ್ಯದ್ದೇ ಬೇರೆ ಪಾಸು, ಕಾರಿಗೆ ದಿನಕ್ಕೆ 15 ಡಾಲರ್, ಕಾರಿನ ನಂಬರಿಗೆ ಆನ್‌ಲೈನಿನಲ್ಲೇ ಕಟ್ಟಬಹುದು. 2025ರ ಜೂನ್‌ನಲ್ಲಿ ಜಿ7 ಸಭೆಗೆ ಪ್ರಧಾನಿ ಮೋದಿ ಬಂದದ್ದು ಇದೇ ಕನನಾಸ್ಕಿಸ್‌ಗೆ ಎಂದು ಹೇಳಿ ನೋಡಿ, ಮಾವನವರು ಊರಿಗೆಲ್ಲ ಫೋಟೊ ಕಳಿಸುತ್ತಾರೆ. ಊರೊಳಗೆ ಹಳೆಯ ಕಾಲದ ಊರನ್ನು ಮರುಕಟ್ಟಿದ ಹೆರಿಟೇಜ್ ಪಾರ್ಕ್ ಇದೆ. ಉಗಿಬಂಡಿ ಹತ್ತಿದರೆ ಹಿರಿಯರಿಗೆ ತಮ್ಮ ಬಾಲ್ಯದ ರೈಲು ನೆನಪಾಗುತ್ತದೆ.

ಸ್ಟ್ಯಾಂಪೀಡ್ ವಿಷಯದಲ್ಲಿ ನಮ್ಮಿಬ್ಬರಿಗೂ ಒಮ್ಮತವಿಲ್ಲ. 1912ರಲ್ಲಿ ಶುರುವಾದ ಉತ್ಸವ, ಜುಲೈನಲ್ಲಿ ಹತ್ತು ದಿನ ಇಡೀ ಊರು ಕೌಬಾಯ್ ಟೋಪಿ ಹಾಕಿಕೊಳ್ಳುತ್ತದೆ. ಮೊದಲ ಶುಕ್ರವಾರದ ಮೆರವಣಿಗೆಗೆ ಮಡಚುವ ಕುರ್ಚಿ ಒಯ್ದು ಬೇಗ ಹೋಗಿ ಕೂತರೆ ಸಾಕು, ಕುದುರೆಗಳನ್ನು ನೋಡಲು ಖರ್ಚೇ ಇಲ್ಲ ಎಂಬುದು ನನ್ನ ವಾದ. ಮಂಡಿನೋವಿನವರಿಗೆ ಆ ಜಂಗುಳಿ ಬೇಡ, ಬಡಾವಣೆಗಳಲ್ಲಿ ಪುಕ್ಕಟೆ ಕೊಡುವ ಪ್ಯಾನ್‌ಕೇಕ್ ತಿಂಡಿಗೆ ಹೋಗಿಬಂದರೆ ಸಾಕು ಎಂಬುದು ಅವಳದು. ಪ್ಯಾನ್‌ಕೇಕಿನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ಮನೆಯಲ್ಲಿ ತಿನ್ನದವರಿದ್ದರೆ ಮೊದಲೇ ಹೇಳಿಬಿಡಿ.

ದಿನದ ಬೆಳಕು ನಿಮ್ಮ ಪರವಾಗಿದೆ. ಜೂನ್ ಕೊನೆಗೆ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತಕ್ಕೆ ಹತ್ತು ನಿಮಿಷವಿರುವಾಗ. ನನ್ನ ತಂದೆ ಸಂಧ್ಯಾವಂದನೆಗೆಂದು ಕಾದು ಕಾದು, ‘ಈ ಊರಿನ ಸೂರ್ಯನಿಗೂ ಓವರ್‌ಟೈಮ್ ಕೊಡುತ್ತಾರೇನು?’ ಎಂದು ಕೇಳಿದ್ದರು. ಮಧ್ಯಾಹ್ನ ಊಟ ಮುಗಿಸಿ ಹೊರಟರೂ ಬೆಳಕಿನಲ್ಲೇ ಮನೆ ಸೇರಬಹುದು. ನಸುಗತ್ತಲಲ್ಲಿ ಜಿಂಕೆಗಳು ರಸ್ತೆಗೆ ಬರುತ್ತವೆ, ಹೊಸಬರು ಒಂಬತ್ತಕ್ಕೆಲ್ಲ ಹಿಂದಿರುಗುವುದು ಮೇಲು.

ಹವೆಯನ್ನು ಮಾತ್ರ ನಂಬಬೇಡಿ. ಕ್ಯಾಲ್ಗರಿಯಲ್ಲಿ ಅತಿ ಹೆಚ್ಚು ಮಳೆ ಜೂನ್‌ನಲ್ಲಿ, ಟೆಂಟಿನ ಆಸೆ ಇದ್ದರೆ ಜುಲೈ ಮಧ್ಯದವರೆಗೆ ತಡೆಯಿರಿ. ಬೇಸಗೆಯ ಸಂಜೆಗಳಲ್ಲಿ ಆಲಿಕಲ್ಲು ಕಾರಿನ ಗಾಜು ಒಡೆಯುವಷ್ಟು ಬೀಳುವುದುಂಟು. ಜುಲೈ, ಆಗಸ್ಟ್‌ನಲ್ಲಿ ಕಾಡ್ಗಿಚ್ಚಿನ ಹೊಗೆ ಬರಬಹುದು. ಗಾಳಿಯ ಗುಣಮಟ್ಟದ ಸೂಚ್ಯಂಕ 7 ಮುಟ್ಟಿದ ದಿನ ಹಿರಿಯರನ್ನೂ ಮಕ್ಕಳನ್ನೂ ಹೊರಗೆ ಸುತ್ತಿಸಬೇಡಿ. ಅಂಥ ದಿನಕ್ಕೆಂದೇ ಮ್ಯೂಸಿಯಂ, ಗ್ರಂಥಾಲಯಗಳನ್ನು ಉಳಿಸಿಕೊಳ್ಳಿ. ರದ್ದು ಮಾಡಿದರೆ ಹಣ ಹಿಂದಿರುಗಿಸುವ ಕೋಣೆಗಳನ್ನೇ ಬುಕ್ ಮಾಡಿ, ನಾಲ್ಕು ಕಾಸು ಹೆಚ್ಚಾದರೂ ಪರವಾಗಿಲ್ಲ.

ಬುತ್ತಿಯ ಬಗ್ಗೆ. ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಧಾರಾಳವಾಗಿ ಒಯ್ಯಿರಿ, ಆದರೆ ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟು ಫೋಟೊ ತೆಗೆಯಲು ಹೋಗಬೇಡಿ. ಕಾವಲಿಲ್ಲದ ಆಹಾರಕ್ಕೆ ದಂಡವಿದೆ, ವಾಸನೆ ಹಿಡಿದು ಕರಡಿ ಬರುತ್ತದೆ ಎಂಬುದು ಬರಿಯ ಫಲಕದ ಮಾತಲ್ಲ. ಎಲ್ಲವನ್ನೂ ಕಾರಿನೊಳಗಿಟ್ಟು ಬಾಗಿಲು ಹಾಕಿ. ಅಲ್ಲಿನ ಕಸದ ಪೆಟ್ಟಿಗೆಗಳ ಮುಚ್ಚಳವನ್ನು ಎಳೆದರೆ ಬರುವುದಿಲ್ಲ. ಹಿಡಿಯ ಗೂಡಿನೊಳಗೆ ಕೈ ತೂರಿಸಿ, ಒಳಗಿರುವ ಅಗುಳಿಯನ್ನು ಬೆರಳಿನಿಂದ ಒತ್ತಿಕೊಂಡೇ ಎತ್ತಬೇಕು. ಕರಡಿಯ ಪಂಜ ಅಲ್ಲಿ ತೂರುವುದಿಲ್ಲ. ಮಾವನವರು ಕಸ ಹಿಡಿದುಕೊಂಡು ಪೆಟ್ಟಿಗೆಯ ಸುತ್ತ ಪ್ರದಕ್ಷಿಣೆ ಹಾಕುವ ಮೊದಲು ತೋರಿಸಿಕೊಡಿ. ಕರಡಿ ಕಂಡರೆ ನೂರು ಮೀಟರ್, ಎಲ್ಕ್ ಎಂಬ ದೊಡ್ಡ ಜಿಂಕೆ ಕಂಡರೆ ಮೂವತ್ತು ಮೀಟರ್ ದೂರ ಕಾಯ್ದುಕೊಳ್ಳಬೇಕು.

ಹಿರಿಯರು ಸೂಪರ್ ವೀಸಾದಲ್ಲಿ (ಇಲ್ಲಿರುವವರ ತಂದೆತಾಯಿ, ಅಜ್ಜ-ಅಜ್ಜಿಯರಿಗೆ ಕೊಡುವ ದೀರ್ಘಾವಧಿ ವೀಸಾ) ಬರುತ್ತಿದ್ದರೆ ಕನಿಷ್ಠ ಒಂದು ಲಕ್ಷ ಡಾಲರಿನ ಆರೋಗ್ಯ ವಿಮೆ ಹೇಗೂ ಇರುತ್ತದೆ. ಬಿಪಿ, ಸಕ್ಕರೆಯ ಮಾತ್ರೆಗಳಲ್ಲಿ ಇತ್ತೀಚೆಗೆ ಬದಲಾವಣೆಯಾಗಿದ್ದರೆ ಆ ವಿಮೆ ಅದಕ್ಕೆ ಒಪ್ಪುತ್ತದೆಯೇ ಎಂದು ಊರಿನಿಂದ ಹೊರಡುವ ಮೊದಲೇ ಓದಿನೋಡಿ.

ಕೊನೆಗೆ ರಜೆಯ ಲೆಕ್ಕ. ಆಲ್ಬರ್ಟಾದ ಕಾನೂನಿನಂತೆ ಒಂದು ವರ್ಷ ದುಡಿದ ಮೇಲೆ ಎರಡು ವಾರ ರಜೆ ಹಕ್ಕಾಗಿ ಬರುತ್ತದೆ. ನಿಮ್ಮ ಯಜಮಾನರ ಆ ಎರಡು ವಾರಗಳನ್ನು ಈ ಬೇಸಗೆಯಲ್ಲಿ ಬಿಡಿಬಿಡಿಯಾಗಿ ಮುಗಿಸಬೇಡಿ. ಒಂದು ಪೂರ್ತಿ ಪಾಳಿಗೆ ರಜೆ ಹಾಕಿದರೆ ಅದರ ಹಿಂದಿನ ಏಳು, ಮುಂದಿನ ಏಳು ಸೇರಿ ಇಪ್ಪತ್ತೆಂಟು ದಿನ ಒಟ್ಟಿಗೆ ಸಿಗುತ್ತದೆ. ಅದನ್ನು ಶಿವಮೊಗ್ಗಕ್ಕೆ ಇಟ್ಟುಕೊಳ್ಳಿ. ಡಿಸೆಂಬರಿನಲ್ಲಿ ಮಕ್ಕಳ ಶಾಲೆಯ ರಜೆ ಎರಡೇ ವಾರ, ಟಿಕೆಟ್ಟಿಗೆ ಬೆಂಕಿಯಂಥ ಬೆಲೆ. ಮುಂದಿನ ಜುಲೈಗೆ ಹೊಂದಿಸಿದರೆ ಶಾಲೆಯೂ ತಪ್ಪುವುದಿಲ್ಲ, ಜೋಗ ಮೈತುಂಬಿರುತ್ತದೆ. ಮೇಲಧಿಕಾರಿಗೆ ಈಗಿನಿಂದಲೇ ಅರ್ಜಿ ಕೊಡಲು ಹೇಳಿ. ನಮ್ಮಲ್ಲಿ ಜುಲೈ ಪಾಳಿಗೆ ಕ್ರಿಸ್‌ಮಸ್ ಮುಂಚೆಯೇ ಸಾಲು ಹತ್ತಿರುತ್ತದೆ.