ಪಾಯಸದ ದ್ರಾಕ್ಷಿ, ಸಾಂಬಾರಿನ ಈರುಳ್ಳಿ

ಪ್ರಶ್ನೆ: ನಮ್ಮ ಮುಧೋಳ ನಾಯಿಗೆ ದಿನಾ ಸಾಂಬಾರು ಅನ್ನ. ಹಬ್ಬ ಬಂದರೆ ನಮ್ಮತ್ತೆ ಶ್ಯಾವಿಗೆ ಪಾಯಸವನ್ನೂ ಹಾಕುತ್ತಾರೆ. ಇದುವರೆಗೆ ಏನೂ ಆಗಿಲ್ಲ. ಮುಂದುವರಿಸಬಹುದಾ ಡಾಕ್ಟ್ರೇ?
– ಓದುಗರು, ಬಾಗಲಕೋಟೆ

ಉತ್ತರ: ಬೇಡಮ್ಮ, ಇವತ್ತೇ ನಿಲ್ಲಿಸಿ. ಪಾಯಸದಲ್ಲಿ ನನಗೆ ಭಯ ಒಣದ್ರಾಕ್ಷಿಯದ್ದು. ಅದು ನಾಯಿಯ ಕಿಡ್ನಿ ಕೆಡಿಸುತ್ತದೆ. ಒಂದು ನಾಯಿ ಹಿಡಿ ತುಂಬ ತಿಂದು ದಕ್ಕಿಸಿಕೊಳ್ಳುತ್ತದೆ, ಇನ್ನೊಂದು ಕೆಲವೇ ಕಾಳಿಗೆ ಮಲಗಿಬಿಡುತ್ತದೆ. ನಿಮ್ಮದು ಯಾವ ಬಗೆ ಅಂತ ಮೊದಲೇ ಹೇಳಲಾಗದು. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ ಎಂಬ ಹುಳಿಯೇ ಇದಕ್ಕೆ ಕಾರಣ ಎಂಬ ಅನುಮಾನ 2021ರಿಂದ ಬಲವಾಗಿದೆ. ಅದು ನಮ್ಮ ಹುಣಸೆಹಣ್ಣಿನಲ್ಲೂ ಧಾರಾಳವಾಗಿದೆ. ಅಲ್ಲಿಗೆ ಸಾಂಬಾರಿನ ಕಥೆಯೂ ಮುಗಿಯಿತು ಅಲ್ವಾ?

ಅದರಲ್ಲಿನ ಈರುಳ್ಳಿ, ಬೆಳ್ಳುಳ್ಳಿ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಲಕ್ಷಣ ಕಾಣಲು ಕೆಲವು ದಿನ ಹಿಡಿಯಬಹುದು. ತುಟಿ ಎತ್ತಿ ಒಸಡು ನೋಡಿ. ಬಿಳಿಚಿಕೊಂಡಿದ್ದರೆ, ಮೂತ್ರ ಕೆಂಪಗಿದ್ದರೆ ತಡ ಮಾಡಬೇಡಿ. ಬೆಕ್ಕಿಗಂತೂ ಈರುಳ್ಳಿ ಇನ್ನೂ ಜಾಸ್ತಿ ಅಪಾಯ.

ದ್ರಾಕ್ಷಿಯನ್ನೋ ಚಾಕೊಲೇಟನ್ನೋ ತಿಂದದ್ದು ಗೊತ್ತಾದರೆ ಸುಮ್ನೆ ಕಾಯಬೇಡಿ, ತಕ್ಷಣ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೇಬೇಡಿ, ಆ ಉಪ್ಪೇ ಪ್ರಾಣ ತೆಗೆದೀತು.

ನಿಮ್ಮತ್ತೆಯ ಪ್ರೀತಿಗೆ ಅಡ್ಡಿಯಿಲ್ಲ. ಬೇಯಿಸಿದ ಮೊಟ್ಟೆ, ಉಪ್ಪು ಖಾರ ಹಾಕದ ಬೇಯಿಸಿದ ಕುಂಬಳಕಾಯಿ ಅವರ ಕೈಯಿಂದಲೇ ಹಾಕಿಸಿ.