ಕಡಲಿಗೆ ಅಂಜದ ತಂಡೇಲರ ಎದೆಬಡಿತ

(ಆಪ್ತಸಮಾಲೋಚನೆಗೆ ನನ್ನ ಬಳಿ ಬಂದವರೊಬ್ಬರ ಕಥೆ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅಂಕೋಲಾ ಕಡೆಯವರು, ನಲವತ್ತರ ಆಸುಪಾಸು, ಅಣ್ಣನ ಜೊತೆ ಪಾಲಿನಲ್ಲಿ ಕೊಂಡ ಟ್ರಾಲ್ ಬೋಟಿಗೆ ತಾವೇ ತಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ಬಂದ್. ಬೋಟು ದಕ್ಕೆಗೆ ಬಂದ ಮೇಲೆಯೇ ಇವರಿಗೆ ತ್ರಾಸು: ರಾತ್ರಿ ಮೂರಕ್ಕೆ ಎಚ್ಚರ, ಎದೆ ಡವಡವ, ಅಂಗೈ ತುಂಬ ಬೆವರು.

"ಅಕ್ಕೋರೆ, ತೂಫಾನಿನಲ್ಲಿ ಚುಕ್ಕಾಣಿ ಹಿಡಿದವ ನಾನು. ಈಗ ಬ್ಯಾಂಕಿನವ್ರ ಫೋನ್ ಬಂದ್ರೆ ಕೈ ನಡುಗ್ತದೆ. ಹೆದರುಪುಕ್ಕಲ ಆಗ್ಬಿಟ್ನಾ?"

ಮೊದಲು ವೈದ್ಯರಲ್ಲಿಗೆ ಕಳಿಸಿದೆ. ಇಸಿಜಿ, ಸಕ್ಕರೆ, ಥೈರಾಯ್ಡ್ ಎಲ್ಲ ಸರಿಯಿದ್ದವು.

ಅಲೆ ಎದ್ದಾಗ ನರಗಳ ಸೂಚನೆಯಿಂದ ಸೆಕೆಂಡುಗಳಲ್ಲೇ ರಕ್ತಕ್ಕೆ ಅಡ್ರಿನಲಿನ್ ಹರಿಯುತ್ತದೆ. ಹಿಂದೆಯೇ ಮಿದುಳಿನ ಹೈಪೋಥಲಾಮಸ್ ಎಂಬ ಭಾಗ ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಗೆ, ಪಿಟ್ಯುಟರಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಹಾರ್ಮೋನು ಕಳಿಸುತ್ತದೆ. ಅಲ್ಲಿಂದ ಬರುವ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ತುದಿ ಮುಟ್ಟಲು 20–30 ನಿಮಿಷ ಬೇಕು. ಅಪಾಯ ಕಳೆದರೆ ಅದೇ ಕಾರ್ಟಿಸಾಲ್ ಮಿದುಳಿಗೆ ಸಾಕೆಂದು ತಿಳಿಸುತ್ತದೆ. ಕಡಲಿನಲ್ಲಿ ಇವರಿಗೆ ರೂಢಿಯಿದೆ, ಕೈಯಲ್ಲಿ ಚುಕ್ಕಾಣಿಯೂ ಇದೆ. ಸಾಲದ ಭಯ ಬೇರೆ. ಕಣ್ಣೆದುರು ಏನೂ ಇಲ್ಲ, ಆದರೂ ನೆನಪಾದಾಗಲೆಲ್ಲ ಅಪಾಯವನ್ನು ಗುರುತಿಸುವ ಮಿದುಳಿನ ಭಾಗವಾದ ಅಮಿಗ್ಡಲಾ ಅದೇ ಸರಪಳಿಯನ್ನು ಎಳೆಯುತ್ತದೆ.

ಡಿಕರ್ಸನ್ ಮತ್ತು ಕೆಮೆನಿ ಎಂಬ ಮನೋವಿಜ್ಞಾನಿಗಳು 2004ರಲ್ಲಿ 208 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ್ದರು. ಕಾರ್ಟಿಸಾಲ್ ಅತಿ ಹೆಚ್ಚು ಏರುತ್ತಿದ್ದದ್ದು ನಾಲ್ಕು ಜನರೆದುರು ಮಾನ ಹೋಗುವ ಭಯ ಮತ್ತು ಏನೂ ಮಾಡಲಾಗದ ಸ್ಥಿತಿ ಒಟ್ಟಾದಾಗ. ಇವರ ಅಣ್ಣ ಊಟಕ್ಕೆ ಕೂತಾಗ ಮಕ್ಕಳೆದುರೇ "ಸಾಲ ತೀರ್ಸುಕೆ ಆಗ್ದವ್ನಿಗೆ ಬೋಟ್ ಯಾಕೆ" ಅನ್ನುತ್ತಾರಂತೆ! ಎರಡೂ ಒಂದೇ ತಟ್ಟೆಯಲ್ಲಿ.

ಮೊಬೈಲಿನಲ್ಲಿ ಕಂಡ 'ಕಾರ್ಟಿಸಾಲ್ ಇಳಿಸುವ' ಪುಡಿಯ ಜಾಹೀರಾತನ್ನೂ ತೋರಿಸಿದರು. ಬೇಡವೆಂದೆ. ಕಾರ್ಟಿಸಾಲ್ ಬೆಳಿಗ್ಗೆ ಏರಿ ನಡುರಾತ್ರಿ ಇಳಿಯುವುದು ಸಹಜ. ಒಂದು ರಕ್ತಪರೀಕ್ಷೆಯಿಂದ ಚಿಂತೆ ಅಳೆಯಲು ಬರುವುದಿಲ್ಲ.

ಬ್ಯಾಂಕಿನ ಫೋನಿಗೆ ಕಾಯದೆ ಹೆಂಡತಿಯ ಜೊತೆ ತಾವೇ ಶಾಖೆಗೆ ಹೋಗಿ, ಆಗಸ್ಟ್ ನಂತರ ಕಂತು ಕಟ್ಟಲು ಆಗುತ್ತದೆಯೇ ಕೇಳಿ ಎಂದೆ. ರಾತ್ರಿಯ ಪೆಗ್ ಬಿಡಬೇಕು. ನಿದ್ದೆ ಬಂದಂತೆ ಮಾಡಿ ನಡುರಾತ್ರಿ ಎಬ್ಬಿಸುವುದು ಅದೇ. ನಿದ್ದೆ ಕೆಟ್ಟರೂ ಬೆಳಿಗ್ಗೆ ಒಂದೇ ಹೊತ್ತಿಗೆ ಎದ್ದು ಬಲೆ ರಿಪೇರಿಗೆ ಎಲ್ಲರ ಜೊತೆ ಕೂರಬೇಕು. ಸಾಲದ ಮಾತು ಅಣ್ಣ ತಮ್ಮ ಇಬ್ಬರೇ ಇರುವಾಗ ಮಾತ್ರ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ; ಇಲ್ಲವೆಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಬರೆದುಕೊಟ್ಟೆ.

ಕಂತು ಮುಂದೆ ಹೋಗಿದೆ. ನಿದ್ದೆ ಈಗ ಐದರವರೆಗೂ ಎಳೆಯುತ್ತಿದೆಯಂತೆ. ಊಟದ ಹೊತ್ತಿನ ಮಾತು ಮಾತ್ರ ನಿಂತಿಲ್ಲ. ಮುಂದಿನ ಸಲ ಅಣ್ಣನನ್ನೂ ಕರೆತರಲು ಹೇಳಿದ್ದೇನೆ.